ಬಿಚ್ಚಿ ಜೋಡಿಸುವ ಮೇಜು

ಹಳೆಯ ಕಾಲದ ಮಂಚವನ್ನು ನೀವು ನೋಡಿರಬಹುದು. ಕಾಲು ಬೇರೆ, ಪಟ್ಟಿ ಬೇರೆ. ಬೇಕಾದಾಗ ಜೋಡಿಸುತ್ತಿದ್ದರು. ಬೇಡವಾದಾಗ ಬಿಚ್ಚಿ ಅಟ್ಟಕ್ಕೆ ಏರಿಸುತ್ತಿದ್ದರು. ಕಾಲು ಮುರಿದರೆ ಆಚಾರ್ರು ಕಾಲು ಮಾತ್ರ ಹೊಸದು ಮಾಡಿಕೊಡುತ್ತಿದ್ದರು.

ಸ್ವೀಡನ್ ದೇಶದ ಐಕಿಯಾ ಕಂಪನಿಯೂ ಇಂಥದೇ ಉಪಾಯ ಹಿಡಿಯಿತು. 1950ರ ದಶಕದಲ್ಲಿ ಅದು ಮೇಜಿನ ಕಾಲು ಬಿಚ್ಚಿ, ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. ಕೊಂಡವರು ಮನೆಗೆ ಒಯ್ದು ತಾವೇ ಜೋಡಿಸಬೇಕು. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲೂ ಅದರ ಅಂಗಡಿ ತೆರೆಯಿತು.

ಈ ಕೆಲಸ ನಮ್ಮ ಶಿವಮೊಗ್ಗ, ಭದ್ರಾವತಿಯ ಬಡಗಿಗಳ ಕೈಲಿ ಆಗದೆ? ಆಗುತ್ತದೆ. ಹೇಗೆ ಅಂತ ನೋಡೋಣ.

ಸಾಗಣೆ

ಜೋಡಿಸಿದ ಒಂದೆರಡು ಮೇಜಿಗೇ ಲಗೇಜ್ ಆಟೋ ತುಂಬುತ್ತದೆ. ಬಿಚ್ಚಿದರೆ ಅದೇ ಆಟೋದಲ್ಲಿ ಇನ್ನೂ ಹಲವು ಹಿಡಿಯುತ್ತವೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್. ಆಟೋ ಬಾಡಿಗೆ ಎಲ್ಲ ಮೇಜಿಗೂ ಹಂಚಿಹೋಗುತ್ತದೆ. ಮನೆ ಬದಲಿಸುವಾಗ ಇಕ್ಕಟ್ಟಿನ ಮೆಟ್ಟಿಲಲ್ಲೂ ಸುಲಭವಾಗಿ ಇಳಿಸಬಹುದು.

ಮರ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಅದರ ಕುಲುಮೆಗೆ ಇದ್ದಿಲು ಬೇಕಿತ್ತು. ಇದ್ದಿಲಿಗಾಗಿ ಸುತ್ತಲಿನ ಕಾಡಿನ ಮರ ಹೋಯಿತು. ಒಮ್ಮೆ ಹೋದ ಕಾಡು ಬೇಗ ಬರುವುದಿಲ್ಲ. ಆದ್ದರಿಂದ ಮೇಜಿಗೆ ತೇಗ, ಬೀಟೆಯೇ ಬೇಕೆಂದು ಹಟ ಬೇಡ. ತೋಟದ ಸಿಲ್ವರ್ ಓಕ್, ನೆಡುತೋಪಿನ ಅಕೇಶಿಯಾ ಆಗುತ್ತದೆ. ಕೆಡವಿದ ಹಳೆ ಮನೆಯ ತೊಲೆಯೂ ಆಗುತ್ತದೆ.

ಆದರೆ ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಆಮೇಲೆ ಕುಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಮರದ ಪುಡಿ ಅಂಟಿಸಿ ಮಾಡಿದ ಹಲಗೆ ಅಗ್ಗ. ಅದು ನೀರು ಕುಡಿದರೆ ಉಬ್ಬುತ್ತದೆ. ಮಲೆನಾಡಿನ ಮಳೆಗಾಲವನ್ನು ಮರೆಯಬೇಡಿ.

ಲೆಕ್ಕ

ಒಂದು ಉದಾಹರಣೆ ನೋಡೋಣ. ಒಬ್ಬ ಬಡಗಿ ಮೇಜು ಮಾಡಿದ. ಮರಕ್ಕೆ 1500 ರೂಪಾಯಿ, ಬೋಲ್ಟು ಮತ್ತು ಪಾಲಿಶ್‌ಗೆ 300 ರೂಪಾಯಿ ಆಯಿತು. ಅಂಗಡಿಯವನು 2800 ರೂಪಾಯಿಗೆ ಕೊಂಡು, 4000 ರೂಪಾಯಿಗೆ ಮಾರಿದ. ಬಡಗಿಗೆ ಕೂಲಿ ಎಂದು ಉಳಿದದ್ದು 1000 ರೂಪಾಯಿ. ಅದೇ ಮೇಜನ್ನು ಬಡಗಿಯೇ ಗಿರಾಕಿಗೆ 3300ಕ್ಕೆ ಕೊಟ್ಟರೆ? ಬಡಗಿಗೆ 1500 ಉಳಿಯುತ್ತದೆ. ಗಿರಾಕಿಗೆ 700 ಉಳಿತಾಯ. ಆದರೆ ಗಿರಾಕಿಯನ್ನು ಹುಡುಕುವ ಕೆಲಸ ಈಗ ಬಡಗಿಯದೇ. ದೂರು ಬಂದರೆ ಉತ್ತರ ಹೇಳುವವನೂ ಅವನೇ.

ಅಕ್ಷರದ ಕೆಲಸ

ಇಲ್ಲಿ ನಾವು ಕಲಿತ ಅಕ್ಷರ ಕೈ ಹಿಡಿಯುತ್ತದೆ. ಬಡಗಿ ಪ್ರತಿ ಭಾಗದ ಮೇಲೆ ಅ, ಆ, ಇ ಎಂದು ಗುರುತು ಹಾಕಬೇಕು. ಜೋಡಿಸುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಜೋಡಿಸುವವರು ಮೊದಲು ಎಲ್ಲ ಬೋಲ್ಟನ್ನೂ ಸಡಿಲವಾಗಿ ಹಾಕಬೇಕು. ಮೇಜನ್ನು ಸಮ ನೆಲದಲ್ಲಿ ನಿಲ್ಲಿಸಿ, ಆಮೇಲೆ ಬಿಗಿ ಮಾಡಬೇಕು. ಆಗ ಮೇಜು ಕುಂಟುವುದಿಲ್ಲ.

ಕೊಳ್ಳುವವರು ಬಿಲ್ಲು ಕೇಳಿ ಪಡೆಯಬೇಕು. ಮರದ ಹೆಸರು, ಅಳತೆ, ಬೆಲೆ, ತಾರೀಕು ಅದರಲ್ಲಿ ಇರಲಿ. ಓದಿ ನೋಡಿಯೇ ಹಣ ಕೊಡಿ. ಮೋಸವಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆಗ ಬಿಲ್ಲೇ ಸಾಕ್ಷಿ.

ಉತ್ತರ ಬರೆಯಿರಿ

1. ಮೇಜಿಗೆ ಒಣಗಿದ ಮರವೇ ಏಕೆ ಬೇಕು?
2. ಬಡಗಿ ತಿಂಗಳಿಗೆ 4 ಮೇಜನ್ನು ನೇರವಾಗಿ ಮಾರಿದರೆ ಎಷ್ಟು ಹೆಚ್ಚು ಹಣ ಉಳಿಯುತ್ತದೆ?
3. ನಿಮ್ಮ ಮನೆಯ ಒಂದು ಮೇಜು ಅಥವಾ ಮಣೆಯನ್ನು ಅಳೆಯಿರಿ. ಉದ್ದ, ಅಗಲ, ಎತ್ತರ ಬರೆಯಿರಿ.