ಎತ್ತಿಕೊಳ್ಳುವ ಮುನ್ನ ನಿಂತು ನೋಡಿ

ಮಕ್ಕಳೇ, ಮಳೆ ಹಿಡಿಯಿತೆಂದರೆ ಎಲ್ಲೆಲ್ಲಿಂದಲೋ ಬೆಕ್ಕಿನ ಮರಿಗಳ ಕೂಗು ಕೇಳತೊಡಗುತ್ತದೆ. ಸೌದೆ ರಾಶಿಯ ಸಂದಿ, ಅಪಾರ್ಟ್‌ಮೆಂಟಿನ ಮೀಟರ್ ಬೋರ್ಡಿನ ಹಿಂದೆ, ಹಾಸ್ಟೆಲಿನ ನೀರಿನ ಟ್ಯಾಂಕಿನ ಕೆಳಗೆ, ನಿಂತ ಕಾರಿನ ಬಾನೆಟ್ಟಿನೊಳಗೆ. ಆ ಕೂಗು ಕಿವಿಗೆ ಬಿದ್ದ ಮೇಲೆ ಸುಮ್ಮನೆ ದಾಟಿಹೋಗಲಾರದವರು ನಿಮ್ಮಲ್ಲಿ ಎಷ್ಟೋ ಜನರಿದ್ದೀರಿ. ಆ ಗುಣವನ್ನು ಯಾರು ಏನೇ ಅಂದರೂ ಬಿಡಬೇಡಿ. ಆದರೆ ಕೈಹಾಕಿ ಎತ್ತಿಕೊಳ್ಳುವ ಮುನ್ನ ಸ್ವಲ್ಪ ಹೊತ್ತು ನಿಂತು ನೋಡಿ. ಎತ್ತಿಕೊಳ್ಳಲು ಅರೆಗಳಿಗೆ ಸಾಕು, ಆಮೇಲಿನದು ತಿಂಗಳುಗಟ್ಟಲೆಯ ಕೆಲಸ.

ಒಂಟಿಯಾಗಿ ಕೂಗುವ ಮರಿಯೆಲ್ಲ ತಬ್ಬಲಿಯಲ್ಲ. ತಾಯಿಬೆಕ್ಕು ಹೊಟ್ಟೆಪಾಡಿಗೆ ಗಂಟೆಗಟ್ಟಲೆ ಹೊರಗಿರುತ್ತದೆ. ಜಾಗ ಭದ್ರವಿಲ್ಲ ಅನ್ನಿಸಿದರೆ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ಇದನ್ನು ಕಂಡೇ. ನಿಮಗೆ ಕಂಡದ್ದು ಇನ್ನೂ ಸಾಗಿಸಬೇಕಾಗಿ ಉಳಿದಿರುವ ಕೊನೆಯ ಮರಿ ಇರಬಹುದು. ಮೈ ಬೆಚ್ಚಗಿದೆ, ಹೊಟ್ಟೆ ದುಂಡಗಿದೆ, ತುಪ್ಪಳ ಚೊಕ್ಕಟವಾಗಿದೆ ಎಂದರೆ ತಾಯಿ ಎಲ್ಲೋ ಹತ್ತಿರದಲ್ಲೇ ಇದ್ದಾಳೆ. ದೂರ ಸರಿದು ಮರೆಯಿಂದ ನೋಡಿ. ನೀವು ಅಲ್ಲೇ ಸುತ್ತುವರಿದು ನಿಂತರೆ ಅವಳು ಬರುವುದಿಲ್ಲ. ಮರಿಗೆ ಗಾಯವಾಗಿದ್ದರೆ, ಮೈ ತಣ್ಣಗಿದ್ದರೆ, ನೀರು ನುಗ್ಗುತ್ತಿದ್ದರೆ, ನಾಯಿಗಳು ಸುಳಿದಾಡುತ್ತಿದ್ದರೆ ಮಾತ್ರ ಕಾಯಬೇಡಿ.

ಶ್ರೀವೈಷ್ಣವರಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದು ಎರಡಿವೆ. ಕೋತಿಮರಿ ತಾನೇ ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತದೆ. ಬೆಕ್ಕಿನ ಮರಿ ಏನನ್ನೂ ಮಾಡುವುದಿಲ್ಲ, ತಾಯಿಯೇ ಎತ್ತಿಕೊಂಡು ಹೋಗಬೇಕು. ದೇವರ ಕೃಪೆಯನ್ನು ವಿವರಿಸಲು ಹುಟ್ಟಿದ ಮಾತು ಅದು. ತಬ್ಬಲಿ ಮರಿಯ ಭಾರ ಹೊತ್ತವರಿಗಂತೂ ಅಕ್ಷರಶಃ ನಿಜ. ಕಣ್ಣು ಬಿಡದ ಮರಿಗೆ ಮೈಯ ಕಾವನ್ನು ಕಾಪಾಡಿಕೊಳ್ಳಲೂ ಬಾರದು, ಉಚ್ಚೆ ಹೊಯ್ಯಲೂ ಬಾರದು.

ಹಾಗಾಗಿ ಮೊದಲು ಕಾವು, ಆಮೇಲೆ ಹಾಲು. ಈ ಕ್ರಮ ತಪ್ಪಿ ಸಾಯುವ ಮರಿಗಳು ಬಹಳ. ತಣ್ಣಗಾದ ಮರಿಯ ಹೊಟ್ಟೆ ಹಾಲನ್ನು ಅರಗಿಸದು. ರಟ್ಟಿನ ಡಬ್ಬಿಯಲ್ಲಿ ಹಳೆಯ ಪಂಚೆಯನ್ನೋ ಕಾಟನ್ ಸೀರೆಯನ್ನೋ ಹಾಸಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕಕ್ಕಿಡಿ. ಸೆಖೆಯಾದರೆ ಮರಿ ತೆವಳಿಕೊಂಡು ಸರಿಯುವಷ್ಟು ಜಾಗ ಇನ್ನೊಂದು ಪಕ್ಕದಲ್ಲಿರಲಿ. ಮೈಯೆಲ್ಲ ಬೆಚ್ಚಗಾಗಿ, ಮರಿ ಬಾಯಾಡಿಸುತ್ತ ಮೊಲೆ ಹುಡುಕತೊಡಗಿದ ಮೇಲೆ ಹಾಲಿನ ಮಾತು.

ಹಸುವಿನ ಹಾಲು ಬೇಡ. ನಮ್ಮ ಕಥೆಗಳಲ್ಲೆಲ್ಲ ಬೆಕ್ಕು ಅಂದರೆ ಹಾಲು, ನಿಜ. ಆದರೆ ಎಳೆಮರಿಗೆ ಅದರಿಂದ ಭೇದಿ ಹತ್ತುತ್ತದೆ. ಅಷ್ಟು ಪುಟ್ಟ ಜೀವ ಒಂದೇ ದಿನದಲ್ಲಿ ಬತ್ತಿಹೋಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಪಶುವೈದ್ಯರಲ್ಲೋ ಪೆಟ್ ಶಾಪಿನಲ್ಲೋ ಸಿಗುತ್ತದೆ. ಮೊದಲ ವಾರ 2–3 ಗಂಟೆಗೊಮ್ಮೆ ಕುಡಿಸಬೇಕು, ರಾತ್ರಿಯೂ. ಮನುಷ್ಯರ ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಇರಲಿ. ಸಿರಿಂಜಾದರೆ ತೊಟ್ಟು ತೊಟ್ಟಾಗಿ ಬಿಡಿ. ಪ್ರತಿ ಸಲ ಹಾಲು ಕುಡಿಸುವಾಗಲೂ ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಸವರಿ ಉಚ್ಚೆ ಹೊಯ್ಯಿಸಿ. ತಾಯಿ ನಾಲಿಗೆಯಿಂದ ಮಾಡುವ ಈ ಕೆಲಸವನ್ನು ಸುಮಾರು 3 ವಾರ ನೀವೇ ಮಾಡಬೇಕು. ಹುಟ್ಟಿದಾಗ ಮರಿ ಹೆಚ್ಚುಕಡಿಮೆ 100 ಗ್ರಾಂ ಇರುತ್ತದೆ, ದಿನಕ್ಕೆ 10 ಗ್ರಾಮಿನಷ್ಟಾದರೂ ಏರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ತೂಕ ನಿಂತರೆ, ಇಳಿದರೆ ನಾಳೆಗೆ ತಳ್ಳದೆ ವೈದ್ಯರ ಬಳಿ ಓಡಿ.

ಇಷ್ಟೆಲ್ಲ ಮಾಡಿಯೂ ಕೆಲವು ಮರಿಗಳು ಉಳಿಯುವುದಿಲ್ಲ. ನಿಮ್ಮ ಅಂಗೈಯಲ್ಲೇ ಉಸಿರು ಬಿಟ್ಟಾಗ ಅಳು ಬರುತ್ತದೆ, ಅಳಿ. ಆದರೆ ಆ ನೋವನ್ನು ನೆಪ ಮಾಡಿಕೊಂಡು ಮುಂದಿನ ಮರಿಯಿಂದ ಮುಖ ತಿರುಗಿಸಬೇಡಿ.

ನಿಮ್ಮ ಜೀವದ ಬಗ್ಗೆಯೂ ಹೇಳಬೇಕು. ಬೀದಿಯ ಬೆಕ್ಕೋ ಮರಿಯೋ ಕಚ್ಚಿದರೆ, ಪರಚಿದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಬಂದ ಮೇಲೆ ಮದ್ದಿಲ್ಲ. ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸ ಮರಿಯನ್ನು ಬೇರೆ ಕೋಣೆಯಲ್ಲಿಡಿ. ಪ್ಯಾನ್‌ಲ್ಯುಕೋಪೀನಿಯಾ ಎಂಬ ರೋಗದ ವೈರಾಣು ನಿಮ್ಮ ಕೈ, ಬಟ್ಟೆಗಳ ಮೂಲಕವೂ ದಾಟೀತು. ಮರಿಗೆ ಜ್ವರವೆಂದು ನಿಮ್ಮ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನು ಕೊಟ್ಟೀರಿ ಜೋಕೆ, ಬೆಕ್ಕಿಗೆ ಅದು ವಿಷ.

ಇನ್ನು ಪಿಜಿಯಲ್ಲೋ ಹಾಸ್ಟೆಲಿನಲ್ಲೋ ಇರುವವರು, ಸಾಕಲಾಗದು ಎಂದು ಗೊತ್ತಾದ ದಿನ ಮರಿಯನ್ನು ಮೀನು ಮಾರ್ಕೆಟ್ಟಿನ ಬಳಿ ಬಿಟ್ಟುಬರಬೇಡಿ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಒಬ್ಬರೇ ಹೊರಲಾರದ ಭಾರವನ್ನು ಹಂಚಿಕೊಳ್ಳಿ. ಬೆಂಗಳೂರಿನಲ್ಲಿ 1991ರಲ್ಲಿ ಪ್ರಾಣಿಗಳ ನೆರವಿಗೆಂದು ಕ್ಯುಪಾ ಸಂಸ್ಥೆ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಅವರಿಗೆ ಆಗಲೇ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ಜೊತೆಗಾರರನ್ನು ಕೂಡಿಸಿಕೊಂಡರು. ನಿಮ್ಮ ವಯಸ್ಸಿಗೆ ಅದು ಕಷ್ಟವೇ?

ಮರಿಯೊಂದನ್ನು ಉಳಿಸಿ ತಾಯಿಯನ್ನು ಮರೆತರೆ ಕೆಲಸ ಅರ್ಧವೂ ಆಗಲಿಲ್ಲ. ಹೆಣ್ಣುಬೆಕ್ಕು 4–5 ತಿಂಗಳಿಗೇ ಬಸಿರಾಗಬಲ್ಲದು, 9 ವಾರಕ್ಕೆ ಈಯುತ್ತದೆ, ಮರಿಗಳು ಮೊಲೆಯುಣ್ಣುತ್ತಿರುವಾಗಲೇ ಮತ್ತೆ ಬಸಿರಾಗುತ್ತದೆ. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ದೊಡ್ಡವಾಗುವವು ಕಡಿಮೆ. ಆದ್ದರಿಂದ ನಿಮ್ಮ ಬೀದಿಯ ತಾಯಿಬೆಕ್ಕಿಗೆ ದಿನಾ ಒಂದೇ ಹೊತ್ತಿಗೆ ಊಟವಿಟ್ಟು ರೂಢಿ ಮಾಡಿಸಿ, ಮರಿಗಳು ಹಾಲು ಬಿಟ್ಟ ಕೂಡಲೇ ಪಂಜರದಲ್ಲಿ ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಅದೇ ಬೀದಿಗೆ ತಂದುಬಿಡಿ. ಖರ್ಚಿಗೆ ಗೆಳೆಯರು ಒಟ್ಟು ಸೇರಿ ಹಣ ಹಾಕಿ. ಒಂದು ಹೊಸ ಮೊಬೈಲ್ ಕವರ್, ಒಂದು ಸಿನಿಮಾ ಟಿಕೆಟ್ ಬಿಟ್ಟರೆ ನಾಲ್ಕು ಜನ ಸೇರಿ ಮಾಡಿಸಬಹುದಾದ ಕೆಲಸ ಇದು. ಈ ಮಳೆಗಾಲ ಮುಗಿಯುವುದರೊಳಗೆ ಒಂದು ಬೆಕ್ಕಿಗಾದರೂ ಮಾಡಿಸಿ.