ಮೋಟಾರು ಗಾಡಿಯಲ್ಲಿ ಪೆಟ್ರೋಲಿನ ವಾಸನೆ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸಾಗುವ ಹೆದ್ದಾರಿಯಲ್ಲಿ ಕೆರೂರ ಸಿಕ್ಕುತ್ತದೆ. ಅಲ್ಲಿಂದ ಬಾದಾಮಿಗೆ ದಾರಿಯುಂಟು. ಏಪ್ರಿಲ್ ತಿಂಗಳಿನ ಒಂದು ಮುಂಜಾನೆ ಒಂದು ಕುಟುಂಬದವರು ಕೆರೂರದಲ್ಲಿ ಕಾರಿನ ಟಾಂಕಿಯನ್ನು ಕಂಠಪೂರ್ತಿ ತುಂಬಿಸಿ, ಬಾದಾಮಿಯ ಗುಹೆಗಳನ್ನು ನೋಡಲು ಹೋದರೆಂದು ಭಾವಿಸೋಣ. ಗಾಡಿಯು ಮೂರು ತಾಸು ಬಿಸಿಲಿನಲ್ಲಿ ನಿಂತಿತು. ಮಧ್ಯಾಹ್ನ ಬಾಗಿಲು ತೆರೆದೊಡನೆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. “ಈಗಷ್ಟೇ ಹಾಕಿಸಿದ್ದೇವಲ್ಲ, ಅದಕ್ಕೇ ವಾಸನೆ” ಎಂದರು ಹಿರಿಯರೊಬ್ಬರು. ವಾಸನೆ ಹೋಗಲೆಂದು ಇನ್ನೊಬ್ಬರು ಊದಿನಕಡ್ಡಿ ಹಚ್ಚಲು ಕಡ್ಡಿಪೆಟ್ಟಿಗೆಯನ್ನು ತೆಗೆದರು. ಮೊದಲಿನ ಮಾತಿನಲ್ಲಿ ನಿಜವೆಷ್ಟು, ಎರಡನೆಯ ಕೆಲಸದಲ್ಲಿ ಅಪಾಯವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ಪೆಟ್ರೋಲು ಉರಿಯುತ್ತದೆ ಎನ್ನುತ್ತೇವೆ. ವಾಸ್ತವವಾಗಿ ಉರಿಯುವುದು ಅದರ ಆವಿ. ಸೊನ್ನೆಗಿಂತ 40 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಬಾಗಲಕೋಟೆ ಸೀಮೆಯ ಬೇಸಗೆಯಲ್ಲಿ ಕೇಳಬೇಕೆ? ಗಾಳಿಯಲ್ಲಿ ಈ ಆವಿಯು ಸುಮಾರು ಶೇಕಡಾ 1.4ರಿಂದ 7.6ರವರೆಗೆ ಬೆರೆತಿದ್ದರೆ ಒಂದು ಕಿಡಿ ಸಾಕು. ನಮ್ಮ ಮೂಗಾದರೋ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ ಆವಿಯಿದ್ದರೂ ಗುರುತಿಸಬಲ್ಲದು. ಆದ್ದರಿಂದ ವಾಸನೆ ಬಂದ ಮಾತ್ರಕ್ಕೆ ಗಾಡಿ ಹೊತ್ತಿಕೊಳ್ಳುವುದೆಂದು ಅರ್ಥವಲ್ಲ. ಆದರೆ ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದು. ಸೀಟಿನ ಕೆಳಗೆ, ಷೆಡ್ಡಿನ ನೆಲದಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ ನೀರಿನಂತೆ ತಂಗುತ್ತದೆ. ಮೂಗಿನ ಮಟ್ಟದಲ್ಲಿ ವಿರಳವಾಗಿರುವುದು ಪಾದದ ಬಳಿ ದಟ್ಟವಾಗಿರಬಹುದು. ಕಡ್ಡಿ ಗೀರಕೂಡದೆಂಬುದು ಇದಕ್ಕಾಗಿಯೇ. ಮೇಲಾಗಿ, ಕೆಲವು ನಿಮಿಷಗಳಲ್ಲಿ ಮೂಗು ಈ ವಾಸನೆಗೆ ಒಗ್ಗಿಹೋಗುತ್ತದೆ. “ಈಗ ವಾಸನೆಯಿಲ್ಲ” ಎಂದು ಗಾಡಿಯೊಳಗೆ ಕುಳಿತವರು ಹೇಳಿದರೆ ನಂಬಲಾಗದು. ಹೊರಗೆ ಸ್ವಲ್ಪ ಹೊತ್ತು ಅಡ್ಡಾಡಿ ಬಂದವರು ಹೇಳಬೇಕು. ಪೆಟ್ರೋಲಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಬೆಂಜೀನು ಕ್ಯಾನ್ಸರಿಗೆ ಕಾರಣವಾಗಬಲ್ಲುದಾದ್ದರಿಂದ, ಬೆಂಕಿಯ ಭಯವಿಲ್ಲದಿದ್ದರೂ ಇದನ್ನು ದಿನದಿನವೂ ಉಸಿರಾಡುವುದು ತರವಲ್ಲ.

ಆದುದರಿಂದ ಮೊದಲು ಎಂಜಿನ್ನನ್ನು ನಿಲ್ಲಿಸಿ, ಎಲ್ಲರೂ ಇಳಿದು, ಬಾಗಿಲುಗಳನ್ನು ತೆರೆದಿಟ್ಟು, ಗಾಡಿಯ ಅಡಿಯನ್ನು ಬಗ್ಗಿ ನೋಡಬೇಕು. ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ಮತ್ತೆ ಚಾಲೂ ಮಾಡಕೂಡದು. ದೂರ ದೂಡಿ, ಮೆಕ್ಯಾನಿಕನನ್ನು ಕರೆಸುವುದೇ ಸರಿ.

ತೊಟ್ಟಿಕ್ಕುವುದು ಕಾಣದಿದ್ದರೆ? ಆಗ ವಾಸನೆ ಎಲ್ಲಿಂದ ಬರುತ್ತದೆ ಎಂದು ಹುಡುಕುವುದಕ್ಕೆ ಮುಂಚೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಮುಕ್ಕಾಲು ಪಾಲು ಉತ್ತರ ಅದರಲ್ಲಿಯೇ ಇರುತ್ತದೆ.

ನಮ್ಮ ಕುಟುಂಬದ ಗಾಡಿಯಲ್ಲಿ ವಾಸನೆ ಬಂದುದು ಟಾಂಕಿ ತುಂಬಿಸಿದ ಮೇಲೆ, ಬಿಸಿಲಿನಲ್ಲಿ. ಹಿಂದಿನ ಕಾಲದ ಗಾಡಿಗಳಲ್ಲಿ ಟಾಂಕಿಯ ಆವಿ ನೇರವಾಗಿ ಬಯಲಿಗೆ ಹೋಗುತ್ತಿತ್ತು. ಇಂದಿನ ಗಾಡಿಗಳಲ್ಲಿ ಅದು ಪಟುಕೃತ ಇದ್ದಿಲನ್ನು ತುಂಬಿದ ಒಂದು ಡಬ್ಬಿಯನ್ನು ಹೊಗುತ್ತದೆ. ವಿಶೇಷ ಕ್ರಮದಿಂದ ಕಾಯಿಸಿ, ಅಸಂಖ್ಯ ಸೂಕ್ಷ್ಮರಂಧ್ರಗಳು ಉಂಟಾಗುವಂತೆ ಮಾಡಿದ ಇದ್ದಿಲು ಇದು. ಇದರ ಒಂದೇ ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರು, ಎಂದರೆ ಹತ್ತು ಗುಂಟೆ ಹೊಲದಷ್ಟಾದೀತು! ಆವಿಯ ಅಣುಗಳು ಈ ಮೈಗೆ ಅಂಟಿಕೊಳ್ಳುತ್ತವೆ. ಎಂಜಿನ್ನು ಓಡುವಾಗ ಒಂದು ಕವಾಟ ತೆರೆದುಕೊಂಡು, ಡಬ್ಬಿಯ ಮೂಲಕ ಗಾಳಿಯನ್ನು ಸೆಳೆದು, ಅಂಟಿದ ಆವಿಯನ್ನು ಎಂಜಿನ್ನಿಗೆ ಒಯ್ದು ಉರಿಸುತ್ತದೆ. ಈ ಏರ್ಪಾಡು ಆವಿಗಾಗಿ ಮಾಡಿದುದೇ ಹೊರತು ದ್ರವಕ್ಕಾಗಿ ಅಲ್ಲ. ಒಂದು ಡಿಗ್ರಿ ಕಾವು ಏರಿದರೆ ಪೆಟ್ರೋಲು ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ಹಿಗ್ಗುತ್ತದೆ. 40 ಲೀಟರು ಪೆಟ್ರೋಲು 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗಿಂತ ಹೆಚ್ಚು ಹಿಗ್ಗುವುದೆಂದು ಓದುಗರೇ ಲೆಕ್ಕ ಹಾಕಬಹುದು. ಕಂಠಪೂರ್ತಿ ತುಂಬಿದ ಟಾಂಕಿಯಲ್ಲಿ ಅದಕ್ಕೆ ಸ್ಥಳವೆಲ್ಲಿ? ದ್ರವವೇ ಡಬ್ಬಿಗೆ ನುಗ್ಗಿ ಇದ್ದಿಲನ್ನು ತೋಯಿಸುತ್ತದೆ. ಹಿರಿಯರ ಮಾತು ಹೀಗೆ ಅರ್ಧ ನಿಜ. ಪಂಪಿನ ನಳಿಗೆ ತಾನಾಗಿ ನಿಂತ ಮೇಲೆ ಮತ್ತೆ ಒತ್ತಿ ತುಂಬಿಸದಿರುವುದೇ ಇದಕ್ಕೆ ಪರಿಹಾರ. ಇದ್ದಿಲು ಕೆಟ್ಟಿದ್ದರೆ ಡಬ್ಬಿಯನ್ನೇ ಬದಲಿಸಬೇಕು. ಅದಕ್ಕೂ ಮೊದಲು ಟಾಂಕಿಯ ಮುಚ್ಚಳದ ರಬ್ಬರು ಬಳೆಯನ್ನು ನೋಡಿರಿ. ಅದು ಬಿರಿದಿದ್ದರೆ ಕೆಲಸ ಅಗ್ಗದಲ್ಲಿ ಮುಗಿಯಿತು.

ಮುಂಜಾನೆ ಗಾಡಿ ಚಾಲೂ ಮಾಡಿದಾಗ ಮಾತ್ರ ವಾಸನೆ ಬಂದು ಆಮೇಲೆ ಮಾಯವಾಗುವುದಾದರೆ, ದೋಷವು ಎಂಜಿನ್ನಿನ ಬಳಿಯ ಕೊಳವೆಯ ಕೀಲುಗಳಲ್ಲಿ ಇದ್ದೀತು. ತಣ್ಣಗಿರುವಾಗ ಗಡುಸಾದ ರಬ್ಬರು ಬಳೆಯು ಜಿನುಗಿಸುತ್ತದೆ. ಬಿಸಿಯಾದೊಡನೆ ಹಿಗ್ಗಿ ಬಿಗಿಯಾಗುತ್ತದೆ. ಇಂತಹ ಗಾಡಿಯನ್ನು ಮಧ್ಯಾಹ್ನ ಗ್ಯಾರೇಜಿಗೆ ಒಯ್ದರೆ “ಏನೂ ಇಲ್ಲ” ಎಂಬ ಉತ್ತರವೇ ಸಿಕ್ಕುವುದು! ರಾತ್ರಿ ಅಲ್ಲಿಯೇ ಬಿಟ್ಟು, ಬೆಳಿಗ್ಗೆ ನೋಡುವಂತೆ ಹೇಳಬೇಕು. ಈ ಕೊಳವೆಗಳಲ್ಲಿ ಎಂಜಿನ್ನು ನಿಂತ ಮೇಲೂ ಒತ್ತಡ ಉಳಿದಿರುವುದರಿಂದ ವಿದ್ಯಾರ್ಥಿಗಳು ಕುತೂಹಲಕ್ಕಾಗಿ ಕೀಲು ಸಡಿಲಿಸಕೂಡದು. ಹಿಂದಿನ ಸೀಟಿನ ಬಳಿ ಸದಾ ವಾಸನೆಯಿದ್ದರೆ ಟಾಂಕಿಯ ಮೇಲಿನ ಪಂಪಿನ ಮುಚ್ಚಳವನ್ನು ಶಂಕಿಸಬಹುದು. ಇನ್ನೂ ಅಲ್ಲಲ್ಲಿ ಉಳಿದಿರುವ ಹಳೆಯ ಅಂಬಾಸಿಡರು, ಪದ್ಮಿನಿ ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಸೂಜಿಕವಾಟಕ್ಕೆ ಕಸ ಸಿಕ್ಕಿ ಪೆಟ್ರೋಲು ಉಕ್ಕುವುದುಂಟು. ಬಿಚ್ಚಿ ತೊಳೆದರೆ ಸರಿಹೋಗುತ್ತದೆ.

ಪೆಟ್ರೋಲಿಗೆ ಬೆರೆಸುವ ಎಥನಾಲಿನ ಪ್ರಮಾಣವು ನಮ್ಮ ದೇಶದಲ್ಲಿ 2022ರಲ್ಲಿ ಶೇಕಡಾ 10 ಇದ್ದುದು 2025ರಲ್ಲಿ 20ಕ್ಕೆ ಏರಿತು. ಹಳೆಯ ಗಾಡಿಗಳ ಕೆಲವು ಬಗೆಯ ರಬ್ಬರು ಇದರಿಂದ ಉಬ್ಬಿ ಬಿರಿಯಬಹುದಾದ್ದರಿಂದ, ಬದಲಿಸುವ ಕೊಳವೆಯು ಅದಕ್ಕೆ ತಕ್ಕುದಾಗಿರಬೇಕು. ನೀರಿನ ಕೊಳವೆಯ ತುಂಡನ್ನು ಕಟ್ಟುವುದು ಜಾಣತನವಲ್ಲ.

ಟಾಂಕಿ ಜಿನುಗಿದರೆ ಚಾಲಕರು ಬಟ್ಟೆ ಒಗೆಯುವ ಸಾಬೂನನ್ನು ತಿಕ್ಕುವುದನ್ನು ಕಾಣುತ್ತೇವೆ. ಸಾಬೂನು ಸೋಡಿಯಮಿನ ಲವಣ. ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗದು. ಆದುದರಿಂದ ಈ ಉಪಾಯಕ್ಕೆ ಶಾಸ್ತ್ರಾಧಾರವುಂಟು. ಆದರೆ ಅದು ದುರಸ್ತಿಯಾಗುವವರೆಗೆ ಸೋರಿಕೆಯನ್ನು ತಡೆಯಲಿಕ್ಕೆ ಮಾತ್ರ. ಬಳಿಕ “ಪೆಟ್ರೋಲು ಬಸಿದಿದ್ದೇವೆ, ವೆಲ್ಡಿಂಗ್ ಮಾಡೋಣ” ಎನ್ನುವವರು ಸಿಕ್ಕಾರು. ತುಂಬಿದ ಟಾಂಕಿಯಲ್ಲಿ ಆವಿಯು ಶೇಕಡಾ 7.6ಕ್ಕಿಂತ ಹೆಚ್ಚಾಗಿದ್ದು ಗಾಳಿ ಸಾಲದು; ಬಸಿದ ಟಾಂಕಿಯಲ್ಲಿ ಗಾಳಿ ಹೊಕ್ಕು ಆವಿಯು ಸರಿಯಾಗಿ ಹೊತ್ತಿಕೊಳ್ಳುವ ಮಟ್ಟಕ್ಕೆ ಇಳಿದಿರುತ್ತದೆ. ಬರಿದಾದ ಟಾಂಕಿಯೇ ಹೆಚ್ಚು ಅಪಾಯಕರ. ಹೊಸ ಟಾಂಕಿಯನ್ನು ಹಾಕಿಸುವುದೇ ಮೇಲು.