ಜ್ವಾಲಾಮುಖಿ ಹೊರಹಾಕುವ ವಸ್ತುಗಳು ಮತ್ತು ಪರಿಸರ: ವಸ್ತಾರೆಯ ತರಗತಿಯೊಂದರಲ್ಲಿ ಎರಡು ಅವಧಿಯ ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ವಸ್ತಾರೆ ಹೋಬಳಿಯ ಒಂದು ಪ್ರೌಢಶಾಲೆ. 8ನೇ ತರಗತಿಯ ‘ಶಿಲಾಗೋಳ’ ಘಟಕದ ಜ್ವಾಲಾಮುಖಿ ಭಾಗವನ್ನು 40 ನಿಮಿಷಗಳ ಎರಡು ಅವಧಿಗಳಲ್ಲಿ ಬೋಧಿಸಿದೆ. ಮೊದಲ ಅವಧಿಯಲ್ಲಿ ನಾನು ಹೇಳಿದ ಒಂದು ಮಾತನ್ನು ಎರಡನೆಯದರಲ್ಲಿ ತಿದ್ದಬೇಕಾಯಿತು. ಮುಂದೆ ಇದೇ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಎರಡನ್ನೂ ಇಲ್ಲಿ ಕೊಟ್ಟಿದ್ದೇನೆ.

ಉದ್ದೇಶಗಳು

1. ಜ್ವಾಲಾಮುಖಿ ಹೊರಹಾಕುವ ವಸ್ತುಗಳನ್ನು ದ್ರವ, ಘನ, ಅನಿಲ ಎಂದು ವಿಂಗಡಿಸುವುದು.
2. ಪ್ರತಿಯೊಂದೂ ಪರಿಸರದ ಮೇಲೆ ಮಾಡುವ ಪರಿಣಾಮವನ್ನು ಉದಾಹರಣೆಯೊಂದಿಗೆ ವಿವರಿಸುವುದು.
3. ಲಾವಾ ಶಿಲೆಯಿಂದಾದ ಮಣ್ಣು ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ ಏಕೆಂದು ಕಾರಣ ಕೊಡುವುದು.

ಬೋಧನೋಪಕರಣಗಳು: ಪ್ರಪಂಚ ಭೂಪಟ, ಕರ್ನಾಟಕದ ಮಣ್ಣಿನ ನಕ್ಷೆ, ಸೋಡಾ ಬಾಟಲಿ, ಒಂದು ದೋಸೆ, ಸಂತವೇರಿ ಕಡೆಯಿಂದ ತಂದ ಬಿಳಿ ಚುಕ್ಕೆಗಳ ಕಪ್ಪು ಕಲ್ಲು, ಮರಳು, ಬೀಟ್‌ರೂಟ್ ರಸ, ತಳದಲ್ಲಿ ತೂತಿರುವ ಎರಡು ತೆಂಗಿನ ಚಿಪ್ಪು.

ಪೀಠಿಕೆ

ಭಾರತದ ಜಾಗೃತ ಜ್ವಾಲಾಮುಖಿ ಯಾವುದು ಎಂದು ಕೇಳಿದೆ. ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ ಎಂಬ ಉತ್ತರ ಬಂತು. ಒಬ್ಬ ಹುಡುಗ ಎದ್ದು, “ಮುಳ್ಳಯ್ಯನಗಿರಿನೂ ಮೊದಲು ಜ್ವಾಲಾಮುಖಿ ಆಗಿತ್ತಂತೆ, ಹೌದಾ ಮಿಸ್?” ಎಂದ. ಕಲ್ಲು ನೋಡಿದ ಮೇಲೆ ತೀರ್ಮಾನಿಸೋಣ ಎಂದು ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ವಿಷಯ ನಿರೂಪಣೆ

ದ್ರವ: ಭೂಮಿಯೊಳಗೆ ಕರಗಿದ ಶಿಲೆಗೆ ಶಿಲಾಪಾಕ ಎನ್ನುತ್ತಾರೆ, ಅದು ಹೊರಬಂದರೆ ಲಾವಾರಸ. ಸೋಡಾ ಬಾಟಲಿಯನ್ನು ಅಲ್ಲಾಡಿಸಿ ಮುಚ್ಚಳ ತೆಗೆದಾಗ, ದ್ರವವನ್ನು ಮೇಲಕ್ಕೆ ನೂಕುವುದು ಅದರಲ್ಲಿ ಸೇರಿಕೊಂಡಿದ್ದ ಅನಿಲವೇ ಎಂದು ಮಕ್ಕಳೇ ಹೇಳಿದರು. ತೆಳುವಾದ ಲಾವಾ ದೂರ ಹರಿಯುತ್ತದೆ. ಮಂದವಾದದ್ದು ಅನಿಲವನ್ನು ಹಿಡಿದಿಟ್ಟುಕೊಂಡು ಸಿಡಿಯುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ತೆಳು ಲಾವಾ ಪದರ ಪದರವಾಗಿ ಹರಿದು ದಖ್ಖನ್ ಟ್ರ್ಯಾಪ್ ಉಂಟಾಯಿತು. ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಅದರ ಅಂಚು ಕಾಣುತ್ತದೆ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ನೀರಿನಡಿ ಹರಿದು ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಇದೆ; ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ನಂತರ ದೋಸೆ ತೋರಿಸಿದೆ. ಮೇಲೆ ತೂತು ಬೀಳುವುದೇಕೆ? ಹಿಟ್ಟಿನಲ್ಲಿದ್ದ ಗಾಳಿ ಹೊರಹೋಗುವಾಗ ಎಂದರು. ಲಾವಾ ತಣ್ಣಗಾಗುವಾಗಲೂ ಹೀಗೆಯೇ ಅನಿಲ ಹೊರಹೋದ ಜಾಗ ತೂತಾಗಿ ಉಳಿಯುತ್ತದೆ. ಕಾಲಕ್ರಮೇಣ ಬೆಣಚುಕಲ್ಲಿನಂಥ ಖನಿಜಗಳು ಅದನ್ನು ತುಂಬುತ್ತವೆ. ನಾನು ತಂದ ಕಲ್ಲಿನ ಬಿಳಿ ಚುಕ್ಕೆಗಳು ಇವೇ. ಬಾಬಾಬುಡನ್ ಬೆಟ್ಟಸಾಲಿನ ಈ ಲಾವಾ ಶಿಲೆಗಳಿಗೆ ಸುಮಾರು 270ರಿಂದ 290 ಕೋಟಿ ವರ್ಷ ವಯಸ್ಸು. ಕಲ್ಲು ಎಲ್ಲರ ಕೈಗೂ ಹೋಯಿತು.

ಈಗ ಮೂಲೆಯ ಪ್ರಶ್ನೆಗೆ ಬಂದೆವು. ಬೆಟ್ಟಸಾಲಿನಲ್ಲಿ ಲಾವಾ ಶಿಲೆ ಇದೆ, ಆದರೆ ಮುಳ್ಳಯ್ಯನಗಿರಿ ಜ್ವಾಲಾಮುಖಿಯ ಶಂಕುವಲ್ಲ. ಅದರ ನೆತ್ತಿಯಲ್ಲಿರುವುದು ಪಟ್ಟೆಪಟ್ಟೆಯಾದ ಕಬ್ಬಿಣದ ಅದಿರಿನ ಗಟ್ಟಿ ಶಿಲೆ. ಮೆದು ಶಿಲೆ ಸವೆದು ಗಟ್ಟಿಯಾದದ್ದು ಎತ್ತರವಾಗಿ ಉಳಿಯಿತು. ಬೆಟ್ಟಸಾಲಿನ ಲಾಳದ ಆಕಾರವೂ ಜ್ವಾಲಾಮುಖಿಯ ಬಾಯಿಯಲ್ಲ. ಮಡಿಕೆಬಿದ್ದ ಶಿಲಾಪದರಗಳನ್ನು ಮಳೆ, ತೊರೆಗಳು ಕೊರೆದು ಬಂದ ಆಕಾರ ಅದು.

ಘನ: ಗಾತ್ರದ ಮೇಲೆ ವಿಂಗಡಣೆ. 2 ಮಿ.ಮೀ.ಗಿಂತ ಚಿಕ್ಕದು ಬೂದಿ. 2ರಿಂದ 64 ಮಿ.ಮೀ. ಲ್ಯಾಪಿಲ್ಲಿ, ಕಾಫಿ ಬೀಜ ಈ ಗುಂಪಿಗೆ ಸೇರುವ ಗಾತ್ರದ್ದು. ಅದಕ್ಕಿಂತ ದೊಡ್ಡವು ಜ್ವಾಲಾಮುಖಿ ಬಾಂಬು ಮತ್ತು ಬಂಡೆಚೂರು. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಲೇಬೇಕು. ಈ ಬೂದಿ ಒಲೆಯ ಬೂದಿಯಂತಲ್ಲ. ಕಲ್ಲು ಮತ್ತು ಗಾಜಿನ ಚೂಪಾದ ಪುಡಿ. ಉಸಿರಾಟಕ್ಕೆ ಕೆಟ್ಟದ್ದು, ಒದ್ದೆಯಾದರೆ ಭಾರಕ್ಕೆ ಸೂರು ಕುಸಿಯುತ್ತದೆ, ವಿಮಾನದ ಎಂಜಿನ್ನಿನ ಶಾಖಕ್ಕೆ ಕರಗಿ ಅಂಟಿಕೊಳ್ಳುತ್ತದೆ. 2025ರ ನವೆಂಬರಿನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿಯ ಬೂದಿ ಉತ್ತರ ಭಾರತದ ಆಕಾಶಕ್ಕೆ ಬಂದಾಗ ವಿಮಾನಗಳನ್ನು ರದ್ದುಪಡಿಸಿದ್ದು ಇದಕ್ಕೇ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಸಿಡಿದಾಗ ಬಿದ್ದ ಬೂದಿಯ ಪದರ ನೆರೆಯ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಇಂದಿಗೂ ಇದೆ. ಅದರ ಕೆಳಗೂ ಮೇಲೂ ಆದಿಮಾನವರ ಕಲ್ಲಿನ ಉಪಕರಣಗಳು ಸಿಕ್ಕಿವೆ.

ಅನಿಲ: ಹೆಚ್ಚಿನ ಪಾಲು ನೀರಾವಿ, ಜೊತೆಗೆ ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್ ಮುಂತಾದವು. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಬಿರುಕಿನಿಂದ ಬಂದ ಫ್ಲೋರಿನ್ ಹುಲ್ಲಿಗೆ ಸೇರಿ ದನ, ಕುರಿಗಳು ಸತ್ತವು. ನಂತರದ ಕ್ಷಾಮದಲ್ಲಿ ಅಲ್ಲಿನ ಜನರಲ್ಲಿ ಸುಮಾರು ಐದನೇ ಒಂದು ಪಾಲು ಉಳಿಯಲಿಲ್ಲ. 1991ರಲ್ಲಿ ಫಿಲಿಪೀನ್ಸಿನ ಪಿನಟುಬೊ ಮೇಲಕ್ಕೆ ಕಳಿಸಿದ ಗಂಧಕದ ಡೈಆಕ್ಸೈಡ್ ಸೂಕ್ಷ್ಮ ಹನಿಗಳಾಗಿ ಬಿಸಿಲನ್ನು ತಡೆದು, ಭೂಮಿಯ ಸರಾಸರಿ ಉಷ್ಣಾಂಶವನ್ನು ಸುಮಾರು ಅರ್ಧ ಡಿಗ್ರಿಯಷ್ಟು ಇಳಿಸಿತು.

ನನ್ನ ತಪ್ಪು

ಅವಧಿ ಮುಗಿಯುವ ಹೊತ್ತಿಗೆ ಪ್ರಯೋಜನಗಳನ್ನು ಹೇಳುತ್ತಾ, “ಲಾವಾ ಮಣ್ಣು ಬಹಳ ಫಲವತ್ತು, ಅದಕ್ಕೇ ನಮ್ಮಲ್ಲಿ ಕಾಫಿ ಇಷ್ಟು ಚೆನ್ನಾಗಿ ಬರುತ್ತದೆ” ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ನಮ್ಮಪ್ಪ ತೋಟಕ್ಕೆ ಸುಣ್ಣ ಚೆಲ್ಲೋಕೆ ಹೋಗ್ತಾರೆ. ಮಣ್ಣು ಅಷ್ಟು ಚೆನ್ನಾಗಿದ್ರೆ ಸುಣ್ಣ ಯಾಕೆ ಮಿಸ್?” ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಎರಡನೇ ಅವಧಿ

ಮೊದಲು ನಿನ್ನೆಯ ನನ್ನ ಮಾತು ಸರಿಯಿಲ್ಲ ಎಂದು ಹಲಗೆಯ ಮೇಲೆ ಬರೆದೆ. ನಂತರ ಬೀಟ್‌ರೂಟ್ ರಸ ಬೆರೆಸಿದ ಮರಳನ್ನು ಎರಡು ಚಿಪ್ಪಿಗೂ ತುಂಬಿ, ಒಂದಕ್ಕೆ ಎರಡು ಚಮಚ, ಇನ್ನೊಂದಕ್ಕೆ ಎರಡು ಚೊಂಬು ನೀರು ಹೊಯ್ಯಿಸಿದೆ. ಮೊದಲನೆಯದರಲ್ಲಿ ಬಣ್ಣ ಉಳಿಯಿತು. ಎರಡನೆಯದರಲ್ಲಿ ತೊಳೆದು ಹೋಯಿತು. ಬಣ್ಣದ ಜಾಗದಲ್ಲಿ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ಇಟ್ಟು ನೋಡಿ ಎಂದೆ.

ವಿಜಯಪುರದ ಕಡೆ ಮಳೆ ಕಡಿಮೆ. ಲಾವಾ ಶಿಲೆ ಸವೆದು ಬಂದ ಪೋಷಕಾಂಶಗಳು ನೆಲದಲ್ಲೇ ಹೆಚ್ಚಾಗಿ ಉಳಿದು ಎರೆಮಣ್ಣಾಯಿತು. ಮಲೆನಾಡಿನ ಜಡಿಮಳೆ ಅವನ್ನು ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳನ್ನು ಬಿಟ್ಟಿತು. ಆದ್ದರಿಂದ ಮಣ್ಣು ಕೆಂಪು, ಹುಳಿ. ಕಾಫಿ ಗಿಡಕ್ಕೆ 6ರಿಂದ 6.5ರ ಆಸುಪಾಸಿನ ರಸಸಾರ ಬೇಕು. ಸುಣ್ಣ ಹಾಕುವುದು ಹುಳಿ ಇಳಿಸಲಿಕ್ಕೆ. ಅಲ್ಲದೆ ನಮ್ಮ ಸೀಮೆಯ ಶಿಲೆಯೆಲ್ಲ ಲಾವಾ ಅಲ್ಲ, ನೈಸ್ ಶಿಲೆಯೂ ವಿಸ್ತಾರವಾಗಿದೆ. ಕಾಫಿ ನಿಂತಿರುವುದು ಎತ್ತರ, ಹೂಮಳೆ, ಮರದ ನೆರಳು, ಉದುರೆಲೆಯ ಗೊಬ್ಬರ ಮತ್ತು ದುಡಿಯುವವರ ಆರೈಕೆಯ ಮೇಲೆ. ಜಾವಾ ದ್ವೀಪದಲ್ಲಿ ಮಳೆ ಹೆಚ್ಚಿದ್ದರೂ ನೆಲ ಫಲವತ್ತಾಗಿದೆ. ಅಲ್ಲಿ ಹೊಸ ಬೂದಿ ಆಗಾಗ ಬೀಳುತ್ತಲೇ ಇರುತ್ತದೆ.

ಸುಣ್ಣದ ಪ್ರಶ್ನೆ ಕೇಳಿದ ಹುಡುಗಿಯೇ ಎದ್ದು, “ಹಾಗಾದ್ರೆ ಕಲ್ಲಿನ ಜೊತೆ ಮಳೆನೂ ನೋಡ್ಬೇಕು, ಎಷ್ಟು ಹಳೇದು ಅಂತಾನೂ ನೋಡ್ಬೇಕು” ಎಂದಳು. ಸಾರಾಂಶವಾಗಿ ಅದನ್ನೇ ಎಲ್ಲರೂ ಬರೆದುಕೊಂಡರು.

ಮೌಲ್ಯಮಾಪನ

1. ಜ್ವಾಲಾಮುಖಿ ಬೂದಿಗೂ ಒಲೆಯ ಬೂದಿಗೂ ಇರುವ ವ್ಯತ್ಯಾಸವೇನು?
2. ಪಿನಟುಬೊ ಸಿಡಿದ ಮೇಲೆ ಭೂಮಿ ತಂಪಾದದ್ದು ಹೇಗೆ?
3. ಲಾವಾ ಶಿಲೆಯಿಂದ ಒಂದು ಕಡೆ ಎರೆಮಣ್ಣು, ಇನ್ನೊಂದು ಕಡೆ ಕೆಂಪು ಮಣ್ಣು ಆಗಲು ಕಾರಣವೇನು?

ಗೃಹಕಾರ್ಯ: ಮನೆಯ ಹಿರಿಯರನ್ನೋ ತೋಟದಲ್ಲಿ ಕೆಲಸ ಮಾಡುವವರನ್ನೋ ಕೇಳಿ, ಸುಣ್ಣವನ್ನು ಯಾವ ತಿಂಗಳಲ್ಲಿ, ಏಕೆ ಹಾಕುತ್ತಾರೆ ಎಂದು ಬರೆದು ತರುವುದು.

ಆತ್ಮಾವಲೋಕನ

ಮೂರನೇ ಪ್ರಶ್ನೆಗೆ ಹೆಚ್ಚಿನವರು ಕಾರಣಸಹಿತ ಬರೆದರು. ಅನಿಲದ ಭಾಗವನ್ನು ಅವಸರದಲ್ಲಿ ಮುಗಿಸಿದೆ. ಎರಡನೇ ಪ್ರಶ್ನೆಯ ಉತ್ತರಗಳಲ್ಲಿ ಅದು ಕಂಡಿತು. ಬೂದಿಯೇ ಬಿಸಿಲು ತಡೆಯಿತು ಎಂದು ಹಲವರು ಬರೆದಿದ್ದರು. ಬೂದಿ ಬೇಗ ಕೆಳಗೆ ಬೀಳುತ್ತದೆ, ಗಂಧಕದ ಹನಿಗಳು ಮೇಲೆ ವರ್ಷಗಟ್ಟಲೆ ನಿಲ್ಲುತ್ತವೆ ಎಂಬುದನ್ನು ಬಿಡಿಸಿ ಹೇಳಲು ಇನ್ನೂ ಹತ್ತು ನಿಮಿಷ ಬೇಕಿತ್ತು. ‘ಪ್ರಯೋಜನಗಳು’ ಎಂಬ ಪಟ್ಟಿಯನ್ನು ಓದಿಸುವ ಮೊದಲು, ಅದು ನಮ್ಮೂರಿನ ನೆಲಕ್ಕೆ ಹೊಂದುತ್ತದೆಯೇ ಎಂದು ಪಾಠಯೋಜನೆ ಬರೆಯುವಾಗಲೇ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.